ಅತ್ತೆಯವರು ಕಂಡುಬಿಟ್ಟ ಭಾನುವಾರ

ಮುಕೋನೊ ಬೆಟ್ಟ,
ಅಕ್ಟೋಬರ್ ೧೪, ಮಂಗಳವಾರ

ಗೋಡೆಯಾಚೆಯ ಪ್ರೀತಿಯ ಅತ್ತೆಯವರಿಗೆ,

ಗೋಡೆಯೀಚೆಯಿಂದ ನಿಮ್ಮ ಅಳಿಯ ಎಫ್ರಯಿಮ್ ಕಿಬಿರಂಗೊ, ವಯಸ್ಸು ಅರವತ್ತಾರು, ನಿವೃತ್ತ ಭೂಗೋಳದ ಮೇಷ್ಟ್ರು, ಅವಳಿ ಮಕ್ಕಳ ತಂದೆಯಾದ್ದರಿಂದ ಊರಿಗೆಲ್ಲ ಸಾಲೊಂಗೊ, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ (ನಿಮ್ಮ ಮಗಳ ಒತ್ತಾಯವನ್ನು ಒತ್ತಾಯವೆಂದು ಎಣಿಸದಿದ್ದರೆ) ಬರೆದುಕೊಡುವ ತಪ್ಪೊಪ್ಪಿಗೆ ಏನೆಂದರೆ: ಕಳೆದ ತಿಂಗಳ ಮೂರನೆಯ ಭಾನುವಾರ ಸಂಜೆ, ನನ್ನದೇ ಮನೆಯ ಮಲಗುವ ಕೋಣೆಯಲ್ಲಿ, ಒಳ್ಳೆಯ ಬೆಳಕಿನಲ್ಲಿ, ಕನ್ನಡಕ ಧರಿಸಿದ ಎರಡು ಕಣ್ಣುಗಳಿಂದ ನಾನು ನಿಮ್ಮ ಮುಖವನ್ನು ನೋಡಿದ್ದೇನೆ. ಮೇಕೆ ಕದ್ದವನು ಮೇಕೆಯನ್ನಾದರೂ ಹಿಂದಕ್ಕೆ ತಂದು ಕಟ್ಟಿಹಾಕಬಹುದು. ನೋಡಿದ ಮುಖವನ್ನು ಎಲ್ಲಿ ತಂದು ಕಟ್ಟಲಿ? ಮಾಲು ನನ್ನ ಹತ್ತಿರವೇ ಇದೆ, ಕೊಡಲಾಗುತ್ತಿಲ್ಲ. ಆದ್ದರಿಂದ ಶಿಕ್ಷೆಯನ್ನು ನೀವೇ ಹೇಳಬೇಕು, ಒಂದನ್ನು ಬಿಟ್ಟು. ಆ ಒಂದನ್ನು ನೀವು ಈಗಾಗಲೇ ಕೊಟ್ಟಿದ್ದೀರಿ, ಅದು ನನ್ನ ಮೇಲೆ ಬೀಳದೆ ಪಕ್ಕದಲ್ಲಿ ಕೂತವಳ ಮೇಲೆ ಬಿದ್ದಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕ್ಷೇಮ ಕೇಳಿ ಆಮೇಲೆ ಅಪರಾಧ ಹೇಳುವುದು ಕ್ರಮ ಎಂದು ನೀವು ಅಂದುಕೊಳ್ಳುತ್ತಿದ್ದೀರಿ, ಗೊತ್ತು. ಆದರೆ ನಮ್ಮಲ್ಲಿ ಕ್ಷೇಮ ಕೇಳಲು ಶುರುಮಾಡಿದರೆ ಮನೆಯವರು, ನೆರೆಯವರು, ಬಾಳೆತೋಟ, ಕೋಳಿ, ಸರೋವರ ಎಲ್ಲ ಮುಗಿಯುವಷ್ಟರಲ್ಲಿ ಧೈರ್ಯವೂ ಮುಗಿದುಹೋಗುತ್ತದೆ. ಈಗ ಕೇಳುತ್ತೇನೆ. ಹೇಗಿದ್ದೀರಿ? ಮಂಡಿ ನೋವು ಮಳೆಗೆ ಹೆಚ್ಚಾಯಿತೇ? ರಾತ್ರಿ ನಿದ್ದೆ ಬರುತ್ತದೆಯೇ? ಕೆಮ್ಮು ಹಿಂದಿನಷ್ಟಿಲ್ಲ, ಎಂಟು ಹತ್ತು ಮಾತಿಗೊಮ್ಮೆ ಮಾತ್ರ ಕೆಮ್ಮುತ್ತೀರಿ. ಹಾಗೆಂದು ನಿಮ್ಮ ಮಗಳು ಎದಿಸಾ ಹೇಳಿದಳು, ನಾನು ಕೇಳಿಸಿಕೊಂಡದ್ದಲ್ಲ. ಸರೋವರದ ನಡುವಿನ ನಿಮ್ಮ ದ್ವೀಪದಲ್ಲಿ ಮೀನು ಚೆನ್ನಾಗಿ ಬೀಳುತ್ತಿದೆಯೇ? ಈ ಕಾಗದವನ್ನು ನಿಮಗೆ ಓದಿ ಹೇಳುವವಳು ನಿಮ್ಮ ಸೊಸೆ ನಕ್ಕು ಎಂದು ನನಗೆ ಗೊತ್ತು. ಶಾಲೆಯಲ್ಲಿ ಪಾಠ ಓದಿದಂತೆ ಓದಬೇಡವೆಂದು ಹೇಳಿ. ಅವಳು ಓದಿದರೆ ದಡದಲ್ಲಿ ಮೀನು ಒಣಗಿಸುವವರಿಗೆಲ್ಲ ಕೇಳಿಸುತ್ತದೆ. ನಕ್ಕು, ತಂಗಿ, ಹೆಸರಿಗೆ ತಕ್ಕಂತೆ ಈಗಲೇ ನಗಬೇಡ. ನಗುವ ಜಾಗ ಇನ್ನೂ ಬಂದಿಲ್ಲ.

ಇಲ್ಲಿಯ ಸುದ್ದಿಯೆಂದರೆ ಎದಿಸಾಳ ಕಾಲು. ಚರ್ಚಿನ ಮೆಟ್ಟಿಲಲ್ಲಿ ಜಾರಿದಾಗ ಕಟ್ಟಿದ ಪ್ಲಾಸ್ಟರು ಬದಲಾಗಿ ಇನ್ನೊಂದು ಪ್ಲಾಸ್ಟರು ಬಂದಿದೆ, ಕಾಲು ಮಾತ್ರ ಹೊರಗೆ ಬಂದಿಲ್ಲ. ಮೊನ್ನೆ ಡಾಕ್ಟರು, “ಹೊಸ ವರ್ಷದವರೆಗೂ ಬಾಡಿಗೆಯ ಬೋಡಾ ಬೈಕು ಇಲ್ಲ, ದೋಣಿ ಇಲ್ಲ, ಹಡಗಂತೂ ಇಲ್ಲವೇ ಇಲ್ಲ” ಎಂದರು. ಎದಿಸಾ ಸ್ವಲ್ಪ ಯೋಚಿಸಿ, “ವಿಮಾನ?” ಎಂದು ಕೇಳಿದಳು. ನೋವಿಗಿಂತ ಅವಳಿಗೆ ಸಂಕಟವಾಗಿರುವುದು ಮಂಡಿಯೂರಲಾಗದೆ ಇರುವುದು. ಬಂದ ಹಿರಿಯರಿಗೆಲ್ಲ ಕುರ್ಚಿಯಲ್ಲಿ ಕೂತೇ ನಮಸ್ಕಾರ ಹೇಳಿ, ಅವರು ಹೋದ ಮೇಲೆ ಅವಮಾನವಾಯಿತೆಂದು ಅರ್ಧ ಗಂಟೆ ಪ್ಲಾಸ್ಟರಿಗೆ ಬೈಯುತ್ತಾಳೆ. ಅಡಿಗೆ ನನ್ನದು. ಮಟೋಕೆ ಬಾಳೆಕಾಯಿಯನ್ನು ಎಲೆಯಲ್ಲಿ ಸುತ್ತಿ ಹಬೆಗಿಡುವುದು ನೋಡಲು ಸುಲಭ, ಮಾಡಲು ಅಷ್ಟು ಸುಲಭವಲ್ಲ. ಮೊದಲ ದಿನ ತಟ್ಟೆ ನೋಡಿ, “ಸಾಲೊಂಗೊ, ಇದನ್ನ ಬೇಯಿಸಿದ್ದೀರೋ, ಬರೀ ಹೆದರಿಸಿದ್ದೀರೋ?” ಎಂದಳು. ಈಗ ಪರವಾಗಿಲ್ಲ, ಬಾಳೆಕಾಯಿಗೂ ನನಗೂ ಒಂದು ಹೊಂದಾಣಿಕೆಯಾಗಿದೆ.

ಆದರೆ ಭಾನುವಾರ ನಾಲ್ಕು ಗಂಟೆಗೆ ಅವಳು ತಲೆಗೆ ಒಳ್ಳೆಯ ಬಟ್ಟೆ ಕಟ್ಟಿಕೊಂಡು, ನೀವು ಕೊಟ್ಟ ಓಲೆ ಹಾಕಿಕೊಂಡು ಟ್ಯಾಬಿನ ಮುಂದೆ ಕೂರುತ್ತಾಳೆ. ಮೂರು ಭಾನುವಾರಗಳಿಂದ ಆ ಕಡೆ ನಕ್ಕು ಒಬ್ಬಳೇ ಕಾಣಿಸಿ, “ಅತ್ತಿಗೆ, ಅತ್ತೆ ಬರಲ್ವಂತೆ, ಏನ್ ಮಾಡ್ಲಿ, ಕೈ ಹಿಡಿದು ಎಳೆಯೋಕಾಗುತ್ತಾ?” ಎನ್ನುತ್ತಾಳೆ. ಎದಿಸಾ, “ಇರಲಿ ಬಿಡು, ಅವರು ಕೂತಿರೋ ಕಡೆಗೆ ತಿರುಗಿಸು, ಬೆನ್ನಾದ್ರೂ ನೋಡ್ತೀನಿ” ಎಂದಳಂತೆ. ನೀವು ಎದ್ದು ಒಳಗೆ ಹೋದಿರಂತೆ. ಆಮೇಲೆ ಅವಳು ಓಲೆ ಬಿಚ್ಚಿಟ್ಟು ಮಲಗಿದಳು. ಅತ್ತೆಯವರೇ, ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ನೋಡಬಾರದ್ದನ್ನು ನೋಡುವ ಅಭ್ಯಾಸ ಈಗಾಗಲೇ ಸಾಕಷ್ಟಾಗಿದೆ. ಅಡಿಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುವ ನೆಪದಲ್ಲಿ ನಾನೂ ಒಂದಿಷ್ಟು ಅತ್ತೆ. ಆ ದಿನದ ಅಡಿಗೆಗೆ ಈರುಳ್ಳಿಯ ಅಗತ್ಯವೇ ಇರಲಿಲ್ಲ.

ಇಷ್ಟಕ್ಕೆಲ್ಲ ಮೂಲ ನಮ್ಮ ಮನೆಯ ನೆಟ್ಟು ನೆಟ್ಟಗಾದದ್ದು. ಆ ಚರಿತ್ರೆಯನ್ನು ನೀವು ನನ್ನ ಬಾಯಿಂದ ಕೇಳಿಲ್ಲ. ನಿಮ್ಮ ಮಗಳು ಹೇಳಿದ್ದನ್ನು ಕೇಳಿದ್ದೀರಿ, ಅದರಲ್ಲಿ ನಾನು ಜಿಪುಣನಾಗಿ ಬರುತ್ತೇನೆ. ಈ ಬೆಟ್ಟದ ಮನೆಗಳಿಗೆಲ್ಲ ಫೈಬರು ಬಂದು ಎಷ್ಟೋ ಕಾಲವಾಗಿತ್ತು. ಪಾದ್ರಿಗಳ ಮನೆಗೆ ಬಂತು, ಕೋಳಿ ಸಾಕುವವರ ಮನೆಗೆ ಬಂತು, ಕೋಳಿ ಗೂಡಿಗೂ ಬಂತಂತೆ. ನಮ್ಮ ಮನೆಯಲ್ಲಿ ಮಾತ್ರ ಹಜಾರದ ಕಿಟಕಿಗೆ ಪ್ಲಾಸ್ಟಿಕ್ ಲೋಟ ಕಟ್ಟಿ, ಲೋಟದೊಳಗೆ ಡಾಂಗಲ್ ಇಟ್ಟು, ಅದು ಹಲಸಿನ ಮರದ ಸಂದಿಯಿಂದ ಟವರಿನ ಕಡೆ ಇಣುಕಿ ನೋಡುವಂತೆ ಮಾಡಿದ್ದೆ. ಗಾಳಿ ಬಂದರೆ ಮರ ಅಲ್ಲಾಡುತ್ತಿತ್ತು, ಮರ ಅಲ್ಲಾಡಿದರೆ ನೀವು ಅಲ್ಲಾಡುತ್ತಿದ್ದಿರಿ. ತಮಾಷೆಯೆಂದರೆ ನಿಮ್ಮ ದ್ವೀಪದ ಟವರು ಬಹಳ ಹಿಂದೆಯೇ ಚುರುಕಾಗಿತ್ತು, ನಕ್ಕು ಕಲಿಸುವ ಶಾಲೆಗೆ ಟ್ಯಾಬುಗಳೂ ಬಂದಿದ್ದವು. ಸುತ್ತ ನೀರಿದ್ದವರು ಮುಂದೆ ಹೋದರು, ರಾಜಧಾನಿಯ ಬಸ್ಸು ಬಾಗಿಲಿಗೆ ಬರುವ ನಾವು ಹಿಂದೆ ಉಳಿದೆವು. ನನ್ನ ಮಕ್ಕಳಿಬ್ಬರೂ ಫೋನು ಮಾಡಿದಾಗಲೆಲ್ಲ ಇದೇ ರಾಗ. ಹಿರಿಯವನು ವಸ್ವ, “ಅಪ್ಪಾ, ನಿಮ್ಮ ಜೊತೆ ಮಾತಾಡ್ತಾ ನನ್ನ ಮಗನಿಗೆ ಮೀಸೆ ಬಂತು” ಎನ್ನುತ್ತಿದ್ದ. ಕಿರಿಯವನು ಕಾಟೊ, “ನೀವು ಹಲೋ ಅಂದಿದ್ದು ಈಸ್ಟರ್‌ನಲ್ಲಾ, ಈಗಲಾ?” ಎನ್ನುತ್ತಿದ್ದ. ಅವಳಿಗಳು ನೋಡಿ, ಒಬ್ಬ ಬಿಟ್ಟ ಕಡೆಯಿಂದ ಇನ್ನೊಬ್ಬ ಹಿಡಿಯುತ್ತಾನೆ.

ನಾನು ಯಾಕೆ ಒಪ್ಪಲಿಲ್ಲ? ಇಲ್ಲಿ ನನ್ನನ್ನು ನಾನೇ ಸ್ವಲ್ಪ ಹೊಗಳಿಕೊಳ್ಳಬೇಕಾಗಿದೆ, ಬೇರೆ ಯಾರೂ ಮುಂದೆ ಬರುತ್ತಿಲ್ಲ. ನಿಮ್ಮ ಮರ್ಯಾದೆಗಾಗಿ, ಅತ್ತೆಯವರೇ. ಹೆಣ್ಣು ಕೇಳಲು ಬಂದು, ಹುಂಜವನ್ನು ಪದ್ಧತಿಯ ಪ್ರಕಾರ ನಿಮ್ಮ ಮಗನ ಕೈಗೆ ಒಪ್ಪಿಸಿದ ದಿನದಿಂದ ನಾನು ನಿಮ್ಮ ಮುಖ ನೋಡಿದವನಲ್ಲ. ಅತ್ತೆ ಅಳಿಯ ಮುಖಾಮುಖಿಯಾಗಬಾರದು, ಹಾಗಾದರೆ ಮೈಗೆ ನಡುಕ ಹತ್ತುತ್ತದೆ ಎಂದು ಹಿರಿಯರು ಹೇಳಿದ್ದನ್ನು ಭೂಗೋಳ ಓದಿದ ತಲೆ ನಂಬಿತೋ ಬಿಟ್ಟಿತೋ, ಕಾಲುಗಳಂತೂ ನಂಬಿ ನಡೆದವು. ಒಮ್ಮೆ ನಾಕಿವೋಗೊ ಕಟ್ಟೆಯಲ್ಲಿ ನೀವು ಹಡಗು ಹತ್ತುವುದೂ ನಾನು ಇಳಿಯುವುದೂ ಒಟ್ಟಿಗಾಯಿತು, ನೆನಪಿದೆಯೇ? ನೀವು ಸೆರಗೆಳೆದು ಮುಖ ಮುಚ್ಚಿಕೊಂಡಿರಿ. ನಾನು ತಿರುಗಿ ನಿಂತು, ಹಡಗು ಬಿಡುವವರೆಗೂ ಒಂದು ಬುಟ್ಟಿ ಬೆಳ್ಳಿಮೀನನ್ನು ದಿಟ್ಟಿಸಿದೆ. ಮೀನಿನವಳು, “ಏನಣ್ಣಾ, ತಗೊಳ್ತೀಯೋ, ಇಲ್ಲಾ ಹೆಸರಿಡ್ತೀಯೋ?” ಎಂದು ಕೇಳಿದಳು. ಅವಳಿಗಳು ಹುಟ್ಟಿದ ದಿನವೂ ಹಾಗೇ. ನೀವು ಒಳಕೋಣೆಯಲ್ಲಿ, ನಾನು ಹಜಾರದಲ್ಲಿ, ನಡುವೆ ಗೋಡೆ. “ಮೇಷ್ಟ್ರೇ, ಎರಡಿವೆ. ಎರಡೂ ಗಂಡು. ಬೀಳ್ಬೇಡಿ, ಹಿಂದೇನೇ ಕುರ್ಚಿ ಇದೆ” ಎಂದಿರಿ. ಕುರ್ಚಿ ಹಿಂದೆಯೇ ಇತ್ತು. ಗೋಡೆಯಾಚೆ ಕೂತವರಿಗೆ ಅದು ಹೇಗೆ ಗೊತ್ತಾಯಿತೆಂದು ನಾನು ಇವತ್ತಿಗೂ ಕೇಳಿಲ್ಲ.

ಇಂಥ ಅಳಿಯನಿಗೆ ಹಳೆಯ ನೆಟ್ಟು ಒಂದು ವರವಾಗಿತ್ತು. ಮಾವನವರು ಬದುಕಿದ್ದಾಗ ಹೇಳುತ್ತಿದ್ದರಲ್ಲ, ಬಲೆಯ ಕಣ್ಣು ದೊಡ್ಡದಾದರೆ ದೊಡ್ಡ ಮೀನು ಮಾತ್ರ ನಿಲ್ಲುತ್ತೆ ಅಂತ. ನಮ್ಮ ಬಲೆಯ ಕಣ್ಣು ಎಷ್ಟು ದೊಡ್ಡದೆಂದರೆ ನಿಮ್ಮ ಮುಖವೆಲ್ಲ ಜಾರಿಹೋಗಿ ಕೆಲವು ಕಂದು ಚೌಕಗಳು ಮಾತ್ರ ಸಿಕ್ಕಿಕೊಳ್ಳುತ್ತಿದ್ದವು. ಪರದೆಯ ಮೇಲೇ ಒಂದು ಪರದೆ! ನಾನು ಅದರ ಮುಂದೆ ನೀರಿನ ಕೊಡ ಹೊತ್ತು ಓಡಾಡಿದರೂ ಮರ್ಯಾದೆಗೆ ಕುಂದಿರಲಿಲ್ಲ. ಅದರ ಮೇಲೆ ಎರಡನೆಯ ಎಚ್ಚರಿಕೆ: ಭಾನುವಾರ ನಾಲ್ಕಕ್ಕೆ ನಾನು ಟೋಪಿ ಹಾಕಿಕೊಂಡು, “ಲುಬ್ವಾಮರ ಜಗಲಿಗೆ ಹೋಗ್ತೀನಿ, ಅಳಗುಳಿ ಮಣೆ ಕಾಯ್ತಾ ಇದೆ” ಎಂದು ಹೇಳಿ ಹೊರಟುಬಿಡುತ್ತಿದ್ದೆ. ನಮ್ಮ ಕುಲದ ಹಿರಿಯ ಲುಬ್ವಾಮರು ನಿಮಗೆ ಗೊತ್ತು. ನನ್ನ ಪರವಾಗಿ ನಿಮ್ಮ ಅಂಗಳದಲ್ಲಿ ಮಾತಾಡಿದವರು. ನೀವೂ ಎದಿಸಾಳೂ ನಿಶ್ಚಿಂತೆಯಾಗಿ ತಾಯಿಮಗಳ ಮಾತಾಡಿಕೊಳ್ಳಲಿ ಎಂದು ಇಷ್ಟು ವರ್ಷ ಒಂದು ಭಾನುವಾರವೂ ತಪ್ಪದೆ ಮನೆ ಬಿಟ್ಟ ಅಳಿಯ ಈ ಸೀಮೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ ನೋಡೋಣ.

ಮತ್ತೆ ಹೊಸ ನೆಟ್ಟು ಯಾಕೆ ಬಂತು? ನಿಮ್ಮ ಕಣ್ಣಿಗೋಸ್ಕರ. ಮಸಾಕದ ಕಣ್ಣಿನ ಡಾಕ್ಟರು, ಪೊರೆಯಾಗಿದ್ದರೆ ತೆಗೆದುಬಿಡಬಹುದಿತ್ತು, ಇದು ಒಳಗಿನ ನರ, ಹೋದದ್ದು ಹೋಯಿತು, ಉಳಿದದ್ದೂ ನಿಧಾನವಾಗಿ ಹೋಗುತ್ತದೆ ಎಂದರಂತೆ. ನೀವು ಹಡಗು ಹತ್ತುವ ಹಾಗಿಲ್ಲ, ಎದಿಸಾ ಬೆಟ್ಟ ಇಳಿಯುವ ಹಾಗಿಲ್ಲ. ಆ ವಾರ ನಮ್ಮ ಹಳೆಯ ನೆಟ್ಟಿನಲ್ಲಿ ನೀವು ಬಹಳ ಹೊತ್ತು ನೋಡಿ, “ಇದು ಎದಿಸಾನಾ, ಗೋಡೆ ಮೇಲಿರೋ ಕ್ಯಾಲೆಂಡರಾ?” ಎಂದು ಕೇಳಿದಿರಂತೆ. ಎದಿಸಾ ನಗುತ್ತ ನನಗೆ ಹೇಳಿದಳು, ಹೇಳುತ್ತ ಹೇಳುತ್ತ ನಗು ನಿಂತಿತು. “ಸಾಲೊಂಗೊ, ಕ್ರಿಸ್ಮಸ್ ಹೊತ್ತಿಗೆ ಅವರ ಕಣ್ಣಲ್ಲಿ ಎಷ್ಟು ಉಳಿದಿರುತ್ತೋ. ಉಳಿದಿರೋದ್ರಲ್ಲಿ ನಾನು ಕ್ಯಾಲೆಂಡರ್ ಆಗಿರೋದು ಬೇಡ” ಎಂದಳು. ಮಾರನೆಯ ಬೆಳಿಗ್ಗೆಯೇ ನಾನು ಕಚೇರಿಗೆ ಹೋಗಿ ಹೆಸರು ಬರೆಸಿ ಬಂದೆ.

ಏಣಿ ಹೊತ್ತು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಕಂಬದ ಮೇಲಿಂದಲೇ ಕೂಗಿದ: “ಮೇಷ್ಟ್ರೇ, ನಮ್ಮ ಕಂಪನಿ ಮ್ಯಾಪಲ್ಲಿ ಬೆಟ್ಟವೆಲ್ಲ ಬಣ್ಣ, ನಿಮ್ಮ ಮನೆ ಒಂದೇ ಬಿಳೀ ಚುಕ್ಕೆ. ಖಾಲಿ ಬಿಟ್ರೆ ಮಾರ್ಕು ಇಲ್ಲ ಅಂತ ನೀವೇ ಹೇಳ್ತಿದ್ರಿ!” ನಾನು, “ಅದು ಖಾಲಿ ಬಿಟ್ಟಿದ್ದಲ್ಲಪ್ಪ, ಹಿಮಶಿಖರ” ಎಂದೆ. ಕೂದಲಿನಷ್ಟು ಸಣ್ಣ ಗಾಜಿನ ಎಳೆಯನ್ನು ಗೋಡೆಯೊಳಗೆ ತೂರಿಸಿ, ದೀಪ ಮಿಣುಕುವ ಒಂದು ಡಬ್ಬಿ ಇಟ್ಟು ಹೋದ. ಅವನು ಗೇಟು ದಾಟುವ ಮೊದಲೇ ವಸ್ವನ ಮಗ ಪರದೆಯಲ್ಲಿ ಕಾಣಿಸಿಕೊಂಡ. ನಿಜಕ್ಕೂ ಮೀಸೆ ಬಂದಿದೆ.

ಆಮೇಲಿನ ಭಾನುವಾರದ ಕತೆ ಎದಿಸಾ ಹೇಳಿದ್ದು. ಕಾಲು ಎತ್ತರಿಸಿ ಮಲಗಿಕೊಂಡೇ ಮಾತಾಡಬಹುದೆಂದು ಅವಳು ಹಜಾರ ಬಿಟ್ಟು ಮಲಗುವ ಕೋಣೆಗೆ ಹೋದಳು. ಹೊಸ ನೆಟ್ಟು ಅಲ್ಲಿಗೂ ಮುಟ್ಟುತ್ತದೆ. ಸ್ಟೂಲಿನ ಮೇಲೆ ಟ್ಯಾಬು ನಿಲ್ಲಿಸಿದಳು. ನೀವು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಅವಳ ಮುಖವನ್ನು ಅಂಚಿನಿಂದ ಅಂಚಿಗೆ ನೋಡಿದಿರಂತೆ. ಆಮೇಲೆ, “ಎದಿಸಾ, ತಲೆಯೆಲ್ಲಾ ಬೆಳ್ಳಗಾಗಿದೆಯಲ್ಲೇ! ಯಾರನ್ನ ಕೇಳಿ ಬೆಳ್ಳಗೆ ಮಾಡಿಕೊಂಡೆ?” ಎಂದು ಬೈದಿರಂತೆ. ಅವಳು ಪ್ಲಾಸ್ಟರಿನ ಕಾಲನ್ನೇ ಮಡಚಿ ಪರದೆಯ ಮುಂದೆ ಮಂಡಿಯೂರಲು ಹೋದಾಗ, “ಕೂತ್ಕೋ ಸಾಕು. ಕಾಲು ಮುರ್ಕೊಂಡು ಮರ್ಯಾದೆ ಬೇರೆ!” ಎಂದಿರಂತೆ. ಆ ಬೈಗುಳವನ್ನು ಅವಳು ಬುಧವಾರದವರೆಗೂ ನನಗೆ ಹೇಳಿ ಹೇಳಿ ಖುಷಿಪಟ್ಟಳು. ಹಾಗೆ ಮೂರು ಭಾನುವಾರ ಕಳೆದವು. ಅವಳು ವಾರಕ್ಕೊಂದು ತಲೆಬಟ್ಟೆ ಹುಡುಕಿ ಇಸ್ತ್ರಿ ಮಾಡಿಸುತ್ತಿದ್ದಳು. ಇಸ್ತ್ರಿ ಮಾಡುತ್ತಿದ್ದವನು ಯಾರೆಂದು ಹೇಳಬೇಕಾಗಿಲ್ಲ.

ಹೊಸ ನೆಟ್ಟಿನ ನಾಲ್ಕನೆಯ ಭಾನುವಾರ ನಡೆದದ್ದಿಷ್ಟು. ನಾನು ಎಂದಿನಂತೆ ಲುಬ್ವಾಮರ ಮನೆಗೆ ಹೊರಟು ಗೇಟಿನವರೆಗೂ ಹೋದೆ. ಬಿಸಿಲು ತಲೆಗೆ ಹತ್ತಿದಾಗ ಟೋಪಿ ಮರೆತದ್ದು ನೆನಪಾಯಿತು. ಟೋಪಿ ಮಲಗುವ ಕೋಣೆಯ ಗೂಟದಲ್ಲಿ. ಬಾಗಿಲು ಇರುವುದು ಮಂಚದ ತಲೆಯ ಕಡೆ. ಹಳೆಯ ನೆಟ್ಟಿನ ಕಾಲದ ಅಭ್ಯಾಸ ನೋಡಿ, ಪರದೆಯಲ್ಲಿ ಚೌಕಗಳಿರುತ್ತವೆ, ಚೌಕಗಳಿಗೇನು ನಾಚಿಕೆ ಎಂದುಕೊಂಡು ನೇರ ಒಳಗೆ ಕಾಲಿಟ್ಟೆ. ಎದಿಸಾಳ ಭುಜದ ಮೇಲಿಂದ ನೋಡಿದರೆ ಚೌಕವೂ ಇಲ್ಲ, ಮಸುಕೂ ಇಲ್ಲ. ನೀವೇ! ಮಾತಿನ ನಡುವೆ ಕೈಯೆತ್ತಿ, ಬಾಯಿ ತೆರೆದು, ಹುಬ್ಬಿನ ಒಂದೊಂದು ಕೂದಲೂ ಲೆಕ್ಕಕ್ಕೆ ಸಿಗುವ ಹಾಗೆ. ನೀವೂ ನೋಡಿದಿರಿ. ಇಷ್ಟು ಮಸುಕಾದ ಕಣ್ಣಿಗೂ ನಾನು ಕಂಡೆನೆಂದರೆ ಆ ಕಂಪನಿಯವರು ಜಾಹೀರಾತು ಹಾಕಬಹುದು. ನಕ್ಕು ಅಲ್ಲಿ “ಅಯ್ಯೋ ಭಾವ!” ಎಂದು ಕಿರುಚಿದಳು, ಇಲ್ಲಿ ಎದಿಸಾ “ಸಾಲೊಂಗೊ!” ಎಂದು ಕಿರುಚಿದಳು, ನೀವು ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡಿರಿ, ನಾನು ಕೈಗೆ ಸಿಕ್ಕ ದಿಂಬನ್ನು ಮುಖಕ್ಕೆ ಹಿಡಿದುಕೊಂಡು ಹಿಂದೆ ಹಿಂದೆ ನಡೆದು ಹಜಾರದಲ್ಲಿ ಕುರ್ಚಿಗೆ ಎಡವಿ ಬಿದ್ದೆ. ಈ ಸಲ ಕುರ್ಚಿ ಇದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಅಂದಿನಿಂದ ನೀವು ಪರದೆಯ ಮುಂದೆ ಬಂದಿಲ್ಲ. ನಕ್ಕು ನಿಮ್ಮ ಮಾತನ್ನು ಹಾಗೇ ಒಪ್ಪಿಸಿದಳು: “ಮೇಷ್ಟ್ರಿಗೆ ಕೈ ನಡುಕ ಶುರುವಾದ್ರೆ ನನ್ನ ಮಗಳಿಗೆ ಬೇಯಿಸಿ ಹಾಕೋರು ಯಾರು? ಮುಖ ನೋಡದೇ ಇಷ್ಟು ವರ್ಷ ಚೆನ್ನಾಗಿದ್ವಿ. ನನ್ನ ಕಣ್ಣಿನ ಆಸೆಗೆ ಅವಳ ಮನೆ ನಡುಗೋದು ಬೇಡ.” ನೋಡಿದವನು ನಾನು, ನನ್ನ ಕೈ ಚೆನ್ನಾಗಿರಲಿ ಎಂದು ಕತ್ತಲಲ್ಲಿ ಕೂತವರು ನೀವು.

ಆದ್ದರಿಂದ ನಿಮಗೆ ಮೂರು ಮಾತು ಹೇಳಬೇಕು. ಮೊದಲನೆಯದು, ನನ್ನ ಕೈ ನಡುಗುತ್ತಿಲ್ಲ. ನಿನ್ನೆ ಎದಿಸಾಳ ಎದುರೇ ತುಂಬಿದ ಚಹಾ ಲೋಟವನ್ನು ಅಂಗಳದ ಆಚೆಯಿಂದ ಈಚೆಗೆ ತಂದು ತೋರಿಸಿದೆ. ಬೆಕ್ಕಿನ ಮೇಲೆ ಬಿದ್ದ ಒಂದು ಹನಿಗೆ ಬೆಕ್ಕೇ ಕಾರಣ. ಅಕ್ಷರ ಸೊಟ್ಟಗಿದೆ ಎಂದು ನಕ್ಕು ಹೇಳಿದರೆ ನಂಬಬೇಡಿ, ಅದು ಹುಟ್ಟಿನಿಂದ ಬಂದದ್ದು. ಎರಡನೆಯದು, ಲುಬ್ವಾಮರನ್ನು ಕೇಳಿದೆ. ಅವರು ಕಾಲು ಚಾಚಿಕೊಂಡು, “ಗಾಜಿನೊಳಗೆ ನೋಡಿದ್ದು ನೋಡಿದ್ದೇನಯ್ಯಾ? ಸರೋವರದಲ್ಲಿ ಅವರ ನೆರಳು ನೋಡಿದ್ರೆ ಏನು ಮಾಡ್ತಿದ್ದೆ?” ಎಂದರು. ನೀರು ಅಲ್ಲಾಡುತ್ತೆ, ಇದು ಅಲ್ಲಾಡಲಿಲ್ಲ ಎಂದೆ. “ಹಾಗಾದ್ರೆ ನೋಡಿದ್ದೇ. ನಮ್ಮಜ್ಜಂದಿರು ತಪ್ಪಿ ನೋಡಿದಾಗ ಅತ್ತೆಗೆ ಒಂದು ತೊಗಟೆಬಟ್ಟೆ ಕಳಿಸ್ತಿದ್ರು, ಹೊದ್ಕೊಳ್ಳೋಕೆ. ಹೊದ್ದ ಮೇಲೆ ಕತೆ ಮುಗೀತು. ಕಳಿಸು” ಎಂದರು. ಪರದೆಯಷ್ಟೇ ಅಗಲದ ತುಂಡು ಸಾಕೇ ಎಂದು ಕೇಳಿದ್ದಕ್ಕೆ ಊರುಗೋಲು ಎತ್ತಿದರು. ಈ ಕಾಗದದ ಜೊತೆ ಬರುವ ಗಂಟಿನಲ್ಲಿ ಪೂರ್ತಿ ಹೊದಿಕೆಯಿದೆ, ಮುತುಬಾ ಮರದ ಒಳ್ಳೆಯ ತೊಗಟೆ ಬಡಿದು ಮಾಡಿದ್ದು, ಕೆಂಪು ಮಣ್ಣಿನ ಬಣ್ಣ, ಹೊಗೆಯ ವಾಸನೆ ಇನ್ನೂ ಇದೆ. ಹೊದ್ದುಕೊಳ್ಳಿ. ಮೂರನೆಯದು, ಮಂಚವನ್ನು ತಿರುಗಿಸಿದ್ದೇನೆ. ಈಗ ಎದಿಸಾಳ ಬೆನ್ನಿಗೆ ಬರೀ ಗೋಡೆ. ಬಾಗಿಲಿಗೆ ದಪ್ಪ ಬಟ್ಟೆ ಇಳಿಬಿಟ್ಟಿದ್ದೇನೆ. ಟೋಪಿಯ ಗೂಟವನ್ನು ಕಿತ್ತು ಹಜಾರದಲ್ಲಿ ಹೊಡೆದಿದ್ದೇನೆ. ನಾಲ್ಕಕ್ಕೆ ಮೊದಲೇ ನಾನು ಲುಬ್ವಾಮರ ಜಗಲಿಯಲ್ಲಿರುತ್ತೇನೆ. ಬೇಕಾದರೆ ಎದಿಸಾ ಗೇಟಿಗೆ ಬೀಗ ಹಾಕಲಿ.

ಇನ್ನೊಂದು ಮಾತಿದೆ, ಹೇಳಬಹುದೋ ಇಲ್ಲವೋ ಗೊತ್ತಿಲ್ಲ. ಕದ್ದ ಮಾಲನ್ನು ಕೊಡಲಾಗುವುದಿಲ್ಲ ಎಂದೆನಲ್ಲ, ಅದು ಏನೆಂದಾದರೂ ನೀವು ತಿಳಿಯಬೇಕು. ನಾನು ನೋಡಿದ ಆ ಗಳಿಗೆಯಲ್ಲಿ ಎದಿಸಾಳೇ ನನಗೆ ಹೇಳದೆ ಮುಂದೆ ಹೋಗಿ, ಮುದುಕಿಯಾಗಿ, ಪರದೆಯೊಳಗೆ ಕೂತಿದ್ದಾಳೆ ಅನ್ನಿಸಿತು. ಅದೇ ಹಣೆ. ನಗು ಬರುವ ಮೊದಲು ಎಡಗಡೆ ಮಾತ್ರ ಮೇಲೇರುವ ಅದೇ ತುಟಿ. ಇಷ್ಟು ವರ್ಷ ಗೋಡೆಯಾಚೆ ಯಾರಿದ್ದಾರೋ ಎಂದು ಮುಖ ತಿರುಗಿಸುತ್ತಿದ್ದೆ. ಆ ಮುಖವನ್ನು ದಿನಾ ಬೆಳಿಗ್ಗೆ ಚಹಾ ಕೊಟ್ಟು ಎಬ್ಬಿಸುತ್ತಿದ್ದೇನೆ. ನಡುಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ನಿಮ್ಮ ಕಣ್ಣಲ್ಲಿ ಉಳಿದಿರುವ ಬೆಳಕು ನಿಮ್ಮ ಮಗಳಿಗೆ ಸೇರಿದ್ದು, ಅತ್ತೆಯವರೇ. ಅದನ್ನು ನನ್ನ ತಪ್ಪಿಗೆ ದಂಡವಾಗಿ ಕಟ್ಟಬೇಡಿ. ಈ ಭಾನುವಾರ ಅವಳು ಹಸಿರು ತಲೆಬಟ್ಟೆ ಕಟ್ಟಿಕೊಳ್ಳುತ್ತಾಳೆ, ನೀವು ಹೊಲಿಸಿಕೊಟ್ಟದ್ದು. ಒಮ್ಮೆ ಬಂದು ಬೈದು ಹೋಗಿ.

ದ್ವೀಪದ ಹಿರಿಯರಿಗೆಲ್ಲ ನನ್ನ ನಮಸ್ಕಾರ, ನಿಮ್ಮ ಮಗನಿಗೆ ಪ್ರೀತಿ, ನಕ್ಕುವಿಗೆ ಗಂಟಲು ಆರದಿರಲಿ ಎಂಬ ಹಾರೈಕೆ. ನಿಮ್ಮ ನೆರಳು ನಮ್ಮ ಮನೆಯ ಮೇಲೆ ದೂರದಿಂದಲೇ, ಯಾವತ್ತೂ ಇರಲಿ.

ಗೋಡೆಗೆ ಮುಖ ಮಾಡಿ ನಿಂತಿರುವ ನಿಮ್ಮ ಅಳಿಯ,
ಸಾಲೊಂಗೊ ಎಫ್ರಯಿಮ್ ಕಿಬಿರಂಗೊ

ಮರೆತ ಮಾತು: ಅವಸರದಲ್ಲಿ ಬರೆಯುತ್ತಿದ್ದೇನೆ, ಎದಿಸಾ ಲಕೋಟೆಗೆ ಗೋಂದು ತರುತ್ತಿದ್ದಾಳೆ, ಊರುಗೋಲಿನ ಸದ್ದು ಹಜಾರದಲ್ಲಿದೆ. ನಕ್ಕು, ಇದನ್ನು ಅತ್ತೆಯ ಕಿವಿಯಲ್ಲಿ ಮಾತ್ರ ಓದು. ಅತ್ತೆಯವರೇ, ಟೋಪಿ ಗೂಟದಲ್ಲಿರಲಿಲ್ಲ, ನನ್ನ ತಲೆಯ ಮೇಲೇ ಇತ್ತು. ನಾನು ಟೋಪಿ ಹಾಕಿದ್ದು ನಿಮಗೆ. ಲುಬ್ವಾಮರ ಜಗಲಿಗೆ ನಾನು ಒಂದು ಭಾನುವಾರವೂ ಹೋದವನಲ್ಲ. ಗೇಟು ದಾಟಿ ಹಿತ್ತಲಿನಿಂದ ಬಂದು, ಹಜಾರದ ಪಕ್ಕದ ಬಾಳೆಗೊನೆ ಇಡುವ ಕೋಣೆಯಲ್ಲಿ ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದೆ. ನನ್ನವ್ವ ನನಗೆ ಕತೆ ಹೇಳುವಷ್ಟು ದಿನ ಬದುಕಲಿಲ್ಲ, ನೀವು ಎದಿಸಾಳಿಗೆ ಹೇಳುತ್ತಿದ್ದಿರಿ. ಹಳೆಯ ನೆಟ್ಟಿನಲ್ಲಿ ನೀವು ಒಂದೊಂದು ಮಾತನ್ನೂ ಎರಡೆರಡು ಸಲ ಕೂಗಿ ಹೇಳಬೇಕಾಗುತ್ತಿತ್ತು, ನನಗೆ ಒಂದಕ್ಷರವೂ ತಪ್ಪುತ್ತಿರಲಿಲ್ಲ. ನೆಟ್ಟು ತಡವಾದದ್ದು ನಿಮ್ಮ ಮರ್ಯಾದೆಗಲ್ಲ, ಇದಕ್ಕೆ. ಹೊಸದು ಬಂದದ್ದೇ ಅವಳು ಒಳಕೋಣೆಗೆ ಹೋದಳು, ನೀವು ಮೆಲ್ಲಗೆ ಮಾತಾಡತೊಡಗಿದಿರಿ, ನಾನು ಬಾಗಿಲಿಗೆ ಬಂದೆ, ಬಾಗಿಲು ಸರಿಯಿತು. ನಿಮ್ಮ ಮದುವೆಯ ದಿನದ ಕತೆ ನಡೆಯುತ್ತಿತ್ತು. ದೋಣಿಯಿಂದ ಹುಂಜ ಹಾರಿ ನೀರಿಗೆ ಬಿದ್ದಿತ್ತು, ಹುಂಜ ಕೈಗೆ ಬರದೆ ತಂಗೀನ ಕಳಿಸಲ್ಲ ಅಂತ ನಿಮ್ಮಣ್ಣ ದಡದಲ್ಲಿ ಕೈಕಟ್ಟಿ ನಿಂತಿದ್ದರು, ಮಾವನವರು ಅಂಗಿ ಸಮೇತ ಧುಮುಕಿದ್ದರು, ಹುಂಜ ಮುಂದೆ, ಅವರು ಹಿಂದೆ, ಇಬ್ಬರಿಗೂ ಈಜು ಬಾರದು. ಅಷ್ಟರಲ್ಲಿ ನಾನು ಕಂಡುಬಿಟ್ಟೆ. ಮದುವೆ ಆಯಿತೆಂಬುದಕ್ಕೆ ಊರುಗೋಲು ಕುಟ್ಟಿಕೊಂಡು ಬರುತ್ತಿರುವವಳೇ ಸಾಕ್ಷಿ. ಆದರೆ ಹುಂಜ? ಮೂರು ವಾರದಿಂದ ನಿದ್ದೆಯಿಲ್ಲ, ಎದಿಸಾಳನ್ನು ಕೇಳುವ ಹಾಗಿಲ್ಲ. ಭಾನುವಾರ ಬನ್ನಿ, ಬಂದು ಅದನ್ನು ಮುಗಿಸಿ. ಮಂಚ ತಿರುಗಿಸಿದಾಗ ಅದರ ತಲೆ ಬಾಳೆಗೊನೆ ಕೋಣೆಯ ಗೋಡೆಗೇ ಬಂದಿದೆ. ಆದರೂ ಸ್ವಲ್ಪ ಗಟ್ಟಿಯಾಗಿ ಹೇಳಿ, ಗೋಡೆ ದಪ್ಪ.